ತಮ್ಮ ಬಡಿಸಬೇಕಾದ ಊಟ

ಪ್ರಾರ್ಥನೆ ಮನೆಯ ಹಿರಿಯಮ್ಮ ಕಸಿಯಕ್ಕನ ಸಸಿತೋಟದ ದಾನಪತ್ರದ ಕರಡನ್ನು ಓದಿ ಮುಗಿಸಿ, ಕನ್ನಡಕ ತೆಗೆದು, ಕಾಗದದ ಮೇಲೆ ಅಂಗೈ ಊರಿದರು. ಕಸಿಯಕ್ಕ ಎದುರಿನ ಬೆಂಚಿನ ತುದಿಯಲ್ಲಿ ಕುಳಿತು, ಈಗ ಒಳ್ಳೆಯ ಮಾತೊಂದು ಬರುತ್ತದೆಂದು ಅವರ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಾ ಸರಿಯಾಗಿದೆ ಕಣಮ್ಮ. ಇನ್ನು ಊಟ ಒಂದು ಆಗಬೇಕು," ಎಂದರು ಹಿರಿಯಮ್ಮ.

"ಯಾರ ಊಟ?"

"ನಮ್ಮದು. ನಿಮ್ಮ ಮನೇಲಿ."

"ಅದಕ್ಕೇನು, ನಾಳೆನೇ ಬನ್ನಿ. ನಾನು ಅಡಿಗೆ ಮಾಡಲ್ವಾ?"

"ಅಡಿಗೆ ನೀವೇ ಮಾಡಿ. ಬಡಿಸೋದು ಮಾತ್ರ ನೀವಲ್ಲ. ನೀವು ನಮಗೆ ಕೊಡದೇ ಹೋಗಿದ್ರೆ ಈ ತೋಟ ಯಾರಿಗೆ ಸೇರ್ತಿತ್ತೋ, ಅವರು ಬಡಿಸಬೇಕು. ಅವರ ಕೈಯಿಂದ ತಟ್ಟೆಗೆ ಬಿದ್ದದ್ದನ್ನ ನಾವು ಉಂಡೆವು ಅಂದ್ರೆ ದಾನ ಒಪ್ಪಿಕೊಂಡ ಹಾಗೆ. ಇಲ್ದಿದ್ರೆ ಇಲ್ಲ."

ಕಸಿಯಕ್ಕನಿಗೆ ಇದು ಹೊಸ ಮಾತು. ಹಿರಿಯಮ್ಮ ಬಿಡಿಸಿ ಹೇಳಿದರು. ಹಿಂದೆ ಯಾರೋ ಒಬ್ಬರು ಸಾಯುವಾಗ ತಮ್ಮ ಮನೆಯನ್ನು ಇವರಿಗೆ ಬರೆದುಕೊಟ್ಟಿದ್ದರಂತೆ. ಇವರು ಅಲ್ಲಿಗೆ ಹೋಗಿ ಬಿಡಾರ ಹೂಡಿದ ಮೇಲೆ, ಸತ್ತವರ ಅಣ್ಣನ ಮಗ ದಿನಾ ಬೆಳಗ್ಗೆ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದನಂತೆ. ಬೈಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಸುಮ್ಮನೆ ಕಿಟಕಿಗಳನ್ನು ನೋಡಿ ಹೋಗುತ್ತಿದ್ದ. "ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಅವನೇ ಬಂದು ನಿಲ್ತಿದ್ದ. ಕೊನೆಗೆ ಮನೆ ವಾಪಸ್ ಕೊಟ್ಟು ಬಂದ್ವಿ. ಆಮೇಲೆ ಈ ನಿಯಮ ಮಾಡಿಕೊಂಡದ್ದು. ನಿಮಗೆ ಅಂಥವರು ಯಾರಿದ್ದಾರೆ?"

"ತಮ್ಮ ಒಬ್ಬ."

"ಬಡಿಸ್ತಾರಲ್ಲ?"

"ಕೇಳ್ತೀನಿ," ಎಂದಳು ಕಸಿಯಕ್ಕ. ಕರಡನ್ನು ಎತ್ತಿಕೊಂಡು ಎದ್ದಳು.

ಅವಳಿಗೆ ಕಸಿಯಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ನಿಂಬೆ, ಸೀಬೆ, ಅಂಜೂರಗಳ ಸಸಿ ಬೆಳೆಸಿ, ಬೇರುಗಿಡದ ತಲೆ ಸವರಿ, ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದು, ಚಿಗುರೊಡೆಯುವ ತನಕ ಕಣ್ಣಿಟ್ಟು ಕಾಯುವುದು ಅವಳ ಬಾಳುವೆ. ಗಂಡ ಇದ್ದಾಗ ಇಬ್ಬರೂ ಮಾಡುತ್ತಿದ್ದರು. ಅವನು ಹಾಸಿಗೆ ಹಿಡಿದಾಗ ಪ್ರಾರ್ಥನೆ ಮನೆಯ ಹೆಂಗಸರು ಸರದಿಯ ಮೇಲೆ ಬಂದು, ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಒಂದು ದಿನವೂ ಉಪದೇಶದ ಮಾತೆತ್ತದೆ ನೋಡಿಕೊಂಡರು. ಅವನು ಹೋದ ಮೇಲೆ ಕಸಿಯಕ್ಕ ತಾನಾಗಿಯೇ ಸಂಜೆ ಹೊತ್ತು ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರತೊಡಗಿದಳು. ಅವಳಿಗೆ ಮಕ್ಕಳಿಲ್ಲ. ಸಸಿತೋಟ ಅವರಿಗೆ ಸೇರಿದರೆ, ಅದರ ಆದಾಯದಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಒಂದು ಕೋಣೆಯಾದರೂ ನಡೆದೀತು ಎಂಬ ಯೋಚನೆ ಅವಳ ತಲೆಯಲ್ಲಿ ಮೊಳೆತು, ನಿಧಾನವಾಗಿ ಬೇರು ಬಿಟ್ಟಿತ್ತು.

ಪೇಟೆಯ ವಕೀಲೆ ಎರಡು ದಾರಿ ತೋರಿಸಿದ್ದಳು. ಉಯಿಲು ಬರೆದರೆ ಕಣ್ಣು ಮುಚ್ಚಿದ ಮೇಲೆ ಜಾರಿ. ಈಗಲೇ ದಾನಪತ್ರ ಬರೆದು, ಬದುಕಿರುವ ತನಕ ಅಲ್ಲೇ ಇದ್ದು ದುಡಿಯುವ ಹಕ್ಕನ್ನು ತನಗೆ ಇಟ್ಟುಕೊಳ್ಳುವುದು ಇನ್ನೊಂದು. ಕಸಿಯಕ್ಕ ಎರಡನೆಯದನ್ನು ಆರಿಸಿದಳು. ತಾನು ಹೋದ ಮೇಲೆ ಅವರು ಕಸಿಯ ಚಾಕು ಹಿಡಿಯಲು ಕಲಿಯುವುದಕ್ಕಿಂತ ತನ್ನ ಕಣ್ಣೆದುರೇ ನಾಲ್ಕು ಗಿಡ ಹಾಳುಮಾಡಿ ಕಲಿಯಲಿ ಎಂದು ಅವಳ ಲೆಕ್ಕ. "ಹಾಗಾದ್ರೆ ನಿಮಗೆ ವಯಸ್ಸಾದ ಮೇಲೆ ಆರೈಕೆ ಅವರದೇ ಜವಾಬ್ದಾರಿ ಅಂತ ಒಂದು ಸಾಲು ಸೇರಿಸಿಬಿಡೋಣ. ಮಕ್ಕಳಿಲ್ಲದವರಿಗೆಲ್ಲ ನಾನು ಹಾಗೇ ಬರೆಯೋದು," ಎಂದು ವಕೀಲೆ ಹೇಳಿದಾಗ ಹೂಂ ಅಂದಿದ್ದಳು.

ಸಂಗತಿ ಊರಿಗೆ ಗೊತ್ತಾದದ್ದೇ ತಡ, ತಮ್ಮ ಅವಳ ಮನೆಗೆ ಬರುವುದನ್ನು ನಿಲ್ಲಿಸಿದ. ಸಂಜೆ ಅಂಗಡಿ ಮುಚ್ಚಿ ಅಕ್ಕನ ಜಗುಲಿಯ ಮೇಲೆ ಚಹಾ ಕುಡಿದು, ಅದರಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಗೊಣಗಿ ಹೋಗದಿದ್ದರೆ ಅವನಿಗೆ ಹೊತ್ತು ಮುಳುಗುತ್ತಿರಲಿಲ್ಲ. ಅಂಥವನು ಈಗ ದಾರಿಯಲ್ಲಿ ಸಿಕ್ಕರೂ ಮುಖ ಗಂಟು ಹಾಕಿಕೊಂಡು ಸೈಕಲ್ಲಿನ ಚೈನು ನೋಡುತ್ತ ಹೋಗುತ್ತಿದ್ದ. ತಮ್ಮನ ಕಣ್ಣು ತೋಟದ ಮೇಲಿದೆ ಎಂದು ಕಸಿಯಕ್ಕ ತಿಳಿದಳು. ಅಪ್ಪ ಜಮೀನನ್ನು ಇಬ್ಬರಿಗೂ ಸಮನಾಗಿ ಹಂಚಿದ್ದ. ತಮ್ಮ ತನ್ನ ಪಾಲನ್ನು ಮಾರಿ ಮೋಟಾರು ರಿಪೇರಿಯ ಅಂಗಡಿ ಹಾಕಿಕೊಂಡಿದ್ದ. ಈಗ ಹೊಟ್ಟೆ ಉರಿಯುತ್ತಿದೆ, ಪಾಪ, ಎಂದುಕೊಂಡಳು. ಗಿಡಗಳ ಜೊತೆ ಬಹಳ ಕಾಲ ಬದುಕಿದವಳು. ಬಾಡಿದ್ದೆಲ್ಲ ಬುಡಕ್ಕೆ ಮಣ್ಣು ಸಾಲದೆಯೇ ಬಾಡಿದೆ ಎಂದು ಅವಳಿಗೆ ತೋರುವುದು ಸಹಜವೇ.

ರಸ್ತೆಯ ಬದಿಯ ಪಟ್ಟಿಯೊಂದನ್ನು ಅವನಿಗೆ ಬಿಡಿಸಿಕೊಟ್ಟು, ಉಳಿದದ್ದನ್ನು ದಾನ ಮಾಡುವುದೆಂದು ನಿಶ್ಚಯಿಸಿ ಅವಳು ಮಾರನೆಯ ದಿನ ಅಂಗಡಿಗೆ ಹೋದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ವಾರ್ನಿಷಿನ ಘಾಟು, ಬಿಚ್ಚಿದ ಪಂಪುಗಳು, ಮೊಳೆಗೆ ತೂಗುಹಾಕಿದ ತಾಮ್ರದ ತಂತಿಯ ಸಿಂಬಿಗಳು. ತಮ್ಮ ಸ್ಟೂಲಿನ ಮೇಲೆ ಕುಳಿತು ಕೈಚಕ್ರ ತಿರುಗಿಸುತ್ತ ಅಚ್ಚಿಗೆ ತಂತಿ ಸುತ್ತುತ್ತಿದ್ದ. ಸುತ್ತು ಎಣಿಸುವಾಗ ಮಾತಾಡಿಸಬಾರದು. ಒಂದು ತಪ್ಪಿದರೆ ಮೊದಲಿಂದ ಬಿಚ್ಚಬೇಕು. ಕಸಿಯಕ್ಕ ಬಾಗಿಲಲ್ಲಿ ನಿಂತು ಕಾದಳು. ಅವನ ತುಟಿ ಆಡುತ್ತಲೇ ಇತ್ತು. ಕಾದು ಕಾದು ನೋಡಿದರೆ ತಂತಿ ಎಂದೋ ಮುಗಿದಿದೆ, ಚಕ್ರ ನಿಂತಿದೆ, ಇವನು ಬರಿಯ ಬಾಯಲ್ಲಿ ಎಣಿಸುತ್ತಿದ್ದಾನೆ.

"ತಂತಿ ಮುಗಿದು ಆಗಲೇ ಎಷ್ಟೋ ಹೊತ್ತಾಯ್ತು ಕಣೋ. ಗಾಳಿ ಸುತ್ತುತಾ ಇದ್ದೀಯಾ?"

ತಮ್ಮನ ತುಟಿ ನಿಂತಿತು. "ಕೂತ್ಕೊ," ಎಂದ. ಕೂರಲು ಏನೂ ಇರಲಿಲ್ಲ. ಒಳಗಿನಿಂದ ತಮ್ಮನ ಹೆಂಡತಿ, ನಾದಿನಿ, ಕುರ್ಚಿ ಎಳೆದುಕೊಂಡು ಬಂದಳು.

"ಬನ್ನಿ ಅತ್ತಿಗೆ. ಇವರಿಗೆ ಬಾಯಿಗೆ ಬೀಗ ಬಿದ್ದಿದೆ. ನನ್ನ ಹತ್ರಾನೂ ಹಾಗೇ. ಉಪ್ಪು ಬೇಕಾದ್ರೂ ಕೈ ತೋರಿಸ್ತಾರೆ."

ಕಸಿಯಕ್ಕ ಊಟದ ನಿಯಮವನ್ನು ಹೇಳಿದಳು. ತಮ್ಮ ತಲೆಯೆತ್ತಲಿಲ್ಲ. ಆಗ ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ತೆಗೆದಳು. "ನೋಡು, ರಸ್ತೆ ಕಡೆ ಪಟ್ಟಿ ನಿನಗೆ ಬಿಡ್ತೀನಿ. ದೊಡ್ಡದೊಂದು ಶೆಡ್ ಹಾಕಬಹುದು. ಈ ಇಕ್ಕಟ್ಟಲ್ಲಿ ಯಾಕೆ ಒದ್ದಾಡ್ತೀಯ?"

"ಅಲ್ಲಿ ಏನು ಕಟ್ಟಲಿ, ನನ್ನ ಗೋರಿನಾ?"

"ಒಳ್ಳೇ ಮಾತಾಡೋ."

"ನಾನು ನಿನ್ನ ಹತ್ರ ಜಾಗ ಕೇಳಿದ್ನಾ? ಯಾವತ್ತಾದ್ರೂ? ನನ್ನ ಪಾಲು ಮಾರಿದ್ದು ನಾನೇ, ತಿಂದದ್ದು ನಾನೇ. ನಿನ್ನ ತೋಟ ನೀನು ಯಾರಿಗಾದ್ರೂ ಕೊಡು, ಕಾಗೆಗಳಿಗೆ ಬರೆದುಕೊಡು, ನನಗೇನು."

"ಮತ್ತೆ ಈ ಮುಖ ಯಾಕೆ?"

ತಮ್ಮ ಎದ್ದು ಸುತ್ತಿದ ತಂತಿಯನ್ನು ಅಚ್ಚಿನಿಂದ ಬಿಡಿಸಿ ಮೊಳೆಗೆ ಹಾಕಿದ. ಬೆನ್ನು ಈ ಕಡೆ ಇದ್ದುದರಿಂದಲೇ ಮಾತು ಬಂತೇನೋ. "ಆ ವಕೀಲರ ಮನೆ ಪಂಪು ಸರಿಮಾಡಿ ಕೊಡೋಕೆ ಹೋಗಿದ್ದೆ. ಆಯಮ್ಮ ನಗ್ತಾ ಹೇಳ್ತು, ಇನ್ನು ನಿಮ್ಮಕ್ಕನ ಚಿಂತೆ ನಿಮಗೆ ಬೇಡ, ಕೊನೇ ತನಕ ಪ್ರಾರ್ಥನೆ ಮನೆಯವರೇ ನೋಡ್ಕೋತಾರೆ, ಬರೆದಾಯ್ತು ಅಂತ. ನಾನು ಏನು ಸತ್ತಿದ್ದೀನಾ? ನೀನು ಕಾಯಿಲೆ ಬಿದ್ದರೆ ಬಾಗಿಲು ಹಾಕ್ಕೊಂಡು ಕೂರ್ತೀನಿ ಅಂದುಕೊಂಡ್ಯಾ? ಅದೂ ಸ್ಟಾಂಪ್ ಕಾಗದದ ಮೇಲೆ!"

ಕಸಿಯಕ್ಕ ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಆ ಸಾಲಿಗೆ ಹೂಂ ಅನ್ನುವಾಗ ಅವಳು ತಮ್ಮನನ್ನು ಒಂದು ಗಳಿಗೆಯೂ ನೆನೆದಿರಲಿಲ್ಲ. ನೆನೆಯದೆ ಇದ್ದದ್ದೇ ಅವನಿಗೆ ತಗುಲಿತ್ತು.

"ನಿಮಗೆ ಹೊರೆ ಆಗಬಾರದು ಅಂತ..." ಎಂದು ಶುರುಮಾಡಿದಳು. "ಇವಳಿಗೆ ಮಂಡಿ ನೋವು ಬೇರೆ."

"ನನ್ನ ಮಂಡಿನ ಯಾಕೆ ನಡುವೆ ತರ್ತೀರಿ ಅತ್ತಿಗೆ?" ಎಂದಳು ನಾದಿನಿ. "ಅದು ಮೆಟ್ಟಿಲು ಹತ್ತುವಾಗ ಮಾತ್ರ ನೋಯೋದು. ನಿಮ್ಮನ್ನೇನು ಅಟ್ಟದ ಮೇಲೆ ಮಲಗಿಸ್ತೀವಾ?"

ತಮ್ಮನಿಗೆ ನಗು ಬಂದುಬಿಟ್ಟಿತು. ಬಂದದ್ದನ್ನು ಮುಚ್ಚಲು ಕೆಮ್ಮಿದ. ಕಸಿಯಕ್ಕ ಅವನ ಬೆನ್ನನ್ನೇ ನೋಡುತ್ತಿದ್ದಳು. ಅಪ್ಪನ ಬೆನ್ನೂ ಹೀಗೇ ಬಾಗಿತ್ತು.

"ತಪ್ಪಾಯ್ತು ಕಣೋ. ಆ ಸಾಲು ತೆಗೆಸಿಹಾಕ್ತೀನಿ. ತೋಟ ಅವರಿಗೆ, ನಾನು ನಿನಗೆ. ಸರಿನಾ?"

"ನಷ್ಟದ ವ್ಯಾಪಾರ ನನಗೇ," ಎಂದ ತಮ್ಮ, ತಿರುಗಿ. "ಊಟ ಯಾವತ್ತು?"

ವಕೀಲೆ ಆ ಸಾಲನ್ನು ತೆಗೆದುಹಾಕುವಾಗ, "ಮುಂದೆ ತೊಂದರೆಯಾದ್ರೆ ನನ್ನ ಕೇಳಬೇಡಿ," ಎಂದಳು. ಕಸಿಯಕ್ಕ, "ಕೇಳೋದಾದ್ರೆ ಅವನನ್ನ ಕೇಳ್ತೀನಿ," ಎಂದು ಎದ್ದು ಬಂದಳು. ಹಿರಿಯಮ್ಮ ಹೊಸ ಕರಡು ಓದಿ, "ಕಾಯಿಲೆ ಬಿದ್ರೆ ನಿಮ್ಮನ್ನ ನೋಡಲು ಬರೋ ಹಕ್ಕನ್ನಾದ್ರೂ ನಮಗೆ ಬಿಟ್ಟಿದ್ದೀರಾ?" ಎಂದು ಕೇಳಿದರು.

ಊಟದ ದಿನ ಪ್ರಾರ್ಥನೆ ಮನೆಯಿಂದ ಹಿರಿಯಮ್ಮನ ಜೊತೆ ಇನ್ನಿಬ್ಬರು ಬಂದು ಚಾಪೆಯ ಮೇಲೆ ಕುಳಿತರು. ಕಸಿಯಕ್ಕನ ತಮ್ಮ ತನ್ನ ಕೈಗಳನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ಉಜ್ಜಿ ಬಂದಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ನಾದಿನಿ ಅವನನ್ನು ಮತ್ತೆ ಬಚ್ಚಲಿಗೆ ಅಟ್ಟಿದಳು. ಹುಟ್ಟಿದಾಗಿನಿಂದ ಒಂದು ಪಂಕ್ತಿಗೂ ಬಡಿಸದ ಮನುಷ್ಯ. ಅನ್ನದ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು, ಮೋಟಾರಿಗೆ ಗ್ರೀಸ್ ತುಂಬುವವನ ಹಾಗೆ ಅಂಚಿಗೆ ತಾಗದಂತೆ, ಚೆಲ್ಲದಂತೆ, ತಟ್ಟೆಯ ನಡುವಿಗೇ ಗುರಿಯಿಟ್ಟು ಬಡಿಸಿದ. ಬೇಳೆ ಸಾರು ಹಾಕುವಾಗ ಹಿರಿಯಮ್ಮನ ಮುಂದೆ ಸೌಟು ಎತ್ತಿ ಹಾಗೇ ನಿಂತ.

"ಒಂದು ಮಾತು."

ಚಾಪೆಯ ಮೇಲಿನವರು ಕೈ ಹಿಂದಕ್ಕೆಳೆದುಕೊಂಡರು.

"ಅವಳು ಬೈತಾಳೆ. ಕಡ್ಡಿ ಸ್ವಲ್ಪ ಸೊಟ್ಟ ಕೆತ್ತಿದ್ರೂ ಬೈತಾಳೆ. ಕಲಿಯೋಕೆ ಬರೋರು ಅದನ್ನ ಮನಸ್ಸಿಗೆ ಹಚ್ಕೋಬಾರದು. ನಮಗೆಲ್ಲ ಅಭ್ಯಾಸ ಇದೆ, ನಿಮಗಿಲ್ಲ. ಅಷ್ಟೇ."

"ಪ್ರಾರ್ಥನೇಲಿ ಸೇರಿಸ್ಕೋತೀವಿ," ಎಂದರು ಹಿರಿಯಮ್ಮ. ಸೌಟು ಇಳಿಯಿತು. ಅವರು ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಮೂವರೂ ತಟ್ಟೆಯಲ್ಲಿ ಅಗುಳೂ ಉಳಿಯದಂತೆ ಉಂಡರು. ಬೇಡವೆಂದರೂ ಕೇಳದೆ ತಮ್ಮ ಎರಡನೆಯ ಸಲ ಹಾಕಿದ್ದರಿಂದ, ಅವರಲ್ಲೊಬ್ಬಳು ಏಳುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು.

ಅವರನ್ನು ಗೇಟಿನ ತನಕ ಬಿಟ್ಟು ಕಸಿಯಕ್ಕ ಒಳಗೆ ಬಂದಾಗ ಗಂಡಹೆಂಡಿರು ವಾದಕ್ಕೆ ಇಳಿದಿದ್ದರು. ನಾಳೆ ಅತ್ತಿಗೆಗೆ ಕೈಲಾಗದೆ ಹೋದರೆ ಅಂಗಡಿಯ ಪಕ್ಕದ ಕೋಣೆ ಬೇಡ, ಸದ್ದು ಜಾಸ್ತಿ, ಎಂದು ನಾದಿನಿ. ಸದ್ದಿದ್ದರೇ ಅವಳಿಗೆ ಹೊತ್ತು ಹೋಗುತ್ತದೆ, ಬೈಯಲು ಜನ ಕೈಗೆ ಸಿಗುತ್ತಾರೆ, ಎಂದು ತಮ್ಮ.

"ನನಗಿನ್ನೂ ಏನೂ ಆಗಿಲ್ಲ," ಎಂದಳು ಕಸಿಯಕ್ಕ. "ಈ ಸಲದ ಸಸಿಗಳೇ ಇನ್ನೂ ಚಿಗುರಿಲ್ಲ."

"ಆದಾಗ ಕೋಣೆ ಹುಡುಕ್ತಾ ಓಡಾಡೋದು ಬೇಡ ಅಂತ ಹೇಳ್ತಿದ್ದೀವಿ. ನೀನು ಉಂಡ್ಯಾ?" ಎಂದ ತಮ್ಮ.

ಅವಳು ಉಂಡಿರಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ತಟ್ಟೆಯನ್ನು ತಮ್ಮ ತೊಳೆದು ತಂದು ಅವಳ ಮುಂದೆ ಇಟ್ಟ. ಪಾತ್ರೆಯನ್ನು ಮತ್ತೆ ಸೊಂಟಕ್ಕೆ ಆನಿಸಿಕೊಂಡ. ಅನ್ನ ತಟ್ಟೆಯ ತುಂಬ ಗುಡ್ಡೆಯಾಗುತ್ತ ಹೋಯಿತು. ಇಷ್ಟನ್ನು ತನ್ನಿಂದ ಉಣ್ಣಲಾಗದೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ಅಡ್ಡ ಹಿಡಿಯದೆ, ಅವನಾಗಿಯೇ ನಿಲ್ಲಿಸುವ ತನಕ ನೋಡುತ್ತ ಕುಳಿತಳು.