ಕೆಂಪಿಯ ಹುಲ್ಲಿಗೆ ಒಂದು ಸೈಟು

ಪದ್ಮನಾಭನಗರದ ಲಕ್ಷ್ಮಮ್ಮನವರಿಗೆ ಕೆಂಪಿ ಎಂದರೆ ಪ್ರಾಣ. ಹೊಲವೆಲ್ಲ ಲೇಔಟಾಗಿ, ಬಾಡಿಗೆ ಮನೆಗಳು ಎದ್ದರೂ ಈ ಒಂದು ಹಸುವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಆದರೆ ಹಸಿ ಮೇವು ಎಲ್ಲಿಂದ ತರುವುದು? ಹಿಂದಿನ ಖಾಲಿ ಸೈಟಿನಲ್ಲಿ ನೆಟ್ಟ ನೇಪಿಯರ್ ಹುಲ್ಲಿನ ಕಡ್ಡಿಗಳು ಎರಡನೆಯ ಸಲವೂ ಒಣಗಿದವು.

"ಇನ್ನೊಂದ್ ಸಲ ನೋಡಮ್ಮ. ಆಗ್ಲಿಲ್ಲ ಅಂದ್ರೆ ಕೆಂಪೀನ ಕನಕಪುರಕ್ಕೆ, ಚಿಕ್ಕಮ್ಮನ ಮನೆಗೆ ಕಳಿಸ್ಬಿಡೋಣ," ಎಂದ ಮಗ ನಂದಕುಮಾರ್. ಅಂದು ರಾತ್ರಿ ಲಕ್ಷ್ಮಮ್ಮ ಊಟ ಬಿಟ್ಟು ಕೆಂಪಿಯ ಹತ್ತಿರವೇ ಕೂತರು.

ಮರುದಿನ ಬೆಳಿಗ್ಗೆ ಹಾಲಿಗೆ ಬಂದ ಪಕ್ಕದ ರಸ್ತೆಯ ಜಯಶೀಲಾ ವಿಷಯ ಕೇಳಿದರು. ಮೇವು ಬೆಳೆಯುವ ತರಬೇತಿಗೆ ಹೋಗಿಬಂದವರು ಅವರು.

"ಅಕ್ಕ, ಮಣ್ಣು ನೋಡಿದ್ರಾ?"

"ನೋಡೋದೇನಮ್ಮ? ನಮ್ಮ ಮಾವನೋರು ರಾಗಿ ಬೆಳೆದ ಹೊಲ ಇದು. ಹುಲ್ಲು ಬರಲ್ವಾ?"

"ಒಂದು ಗುಂಡಿ ತೋಡೋಣ ಬನ್ನಿ."

ಹಾರೆ ಹಾಕಿದರೆ ಠಣ್ ಎಂದಿತು. ಸಿಮೆಂಟಿನ ಚೂರು, ಟೈಲ್ಸು, ಇಟ್ಟಿಗೆ. ಅದರಡಿ ಯಾರದೋ ಬೇಸ್‌ಮೆಂಟ್ ಅಗೆದು ಸುರಿದ ಗಟ್ಟಿ ಕೆಮ್ಮಣ್ಣು. ಗುಂಡಿಗೆ ಹೊಯ್ದ ನೀರು, ಇಬ್ಬರೂ ಕಾಫಿ ಕುಡಿದು ಬಂದರೂ ಹಾಗೇ ನಿಂತಿತ್ತು. ಮಾವನ ಹೊಲ ಇನ್ನೂ ಕೆಳಗೆಲ್ಲೋ ಹೂತುಹೋಗಿತ್ತು.

"ಬೇರು ಇಳಿಯೋಕೆ ಜಾಗಾನೇ ಇಲ್ಲ ಅಕ್ಕ. ಮೇಲೆ ಹಸಿ ಸಗಣಿ ಬೇರೆ ಸುರಿದಿದ್ದೀರಿ. ಅದು ಕಾವು ಬಂದು ಎಳೇ ಬೇರನ್ನ ಸುಟ್ಬಿಡುತ್ತೆ."

"ಚೆನ್ನಾಗಿ ಬರ್ಲಿ ಅಂತ ದಿನಾ ಹಾಕ್ತಿದ್ನಲ್ಲಮ್ಮ," ಎಂದು ಲಕ್ಷ್ಮಮ್ಮ ಪೆಚ್ಚಾದರು.

ನಂದಕುಮಾರ್ ಗೊಣಗುತ್ತಲೇ ಚೂರುಗಳನ್ನು ಆರಿಸಿ ಹೊರಗೆ ಹಾಕಿದ. ಮಣ್ಣನ್ನು ಮೊಣಕೈ ಆಳಕ್ಕೆ ಅಗೆದು ಸಡಿಲಿಸಿದರು. ಟೀಪುಡಿಯಂತೆ ಉದುರುದುರಾಗಿ ಕಳಿತ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ಮಣ್ಣನ್ನು ಉದ್ದುದ್ದ ದಿಂಡುಗಳಾಗಿ ಏರಿಸಿದರು. ಮಳೆ ಹಿಡಿದ ಮೇಲೆ ಎರಡು ಗೆಣ್ಣಿನ ಕಡ್ಡಿಗಳನ್ನು ಓರೆಯಾಗಿ, ಒಂದು ಗೆಣ್ಣು ಮಣ್ಣಿನೊಳಗೆ, ಒಂದು ಮೇಲೆ ಇರುವಂತೆ ನೆಟ್ಟರು. ಕಳೆ ಕಂಡಾಗಲೆಲ್ಲ ಕಿತ್ತರು.

ಚಿಗುರು ಬಂತು. ಕೆಂಪಿಯ ಹಗ್ಗ ಬಿಚ್ಚಲು ಲಕ್ಷ್ಮಮ್ಮನವರ ಕೈ ತುರಿಸತೊಡಗಿತು.

"ಒಂದೇ ಒಂದ್ ಬಾಯಿ ತಿನ್ಲಿ, ಪಾಪ."

"ಬೇರು ಇನ್ನೂ ಹಿಡಿದಿಲ್ಲ ಅಕ್ಕ. ಬಾಯಿ ಹಾಕಿದ್ರೆ ಬುಡಸಮೇತ ಕಿತ್ಕೊಂಡ್ ಬರುತ್ತೆ."

ಲಕ್ಷ್ಮಮ್ಮ ಕೆಂಪಿಯ ಕೊರಳಡಿ ಜೋತ ಗಂಗೆದೊಗಲು ನೇವರಿಸಿ, "ತಡ್ಕೋ ಮಗಳೇ, ನಾನೂ ತಡ್ಕೊಂಡಿದೀನಿ," ಎಂದರು.

ಎರಡೂವರೆ ತಿಂಗಳಿಗೆ ಹುಲ್ಲು ಆಳೆತ್ತರ ನಿಂತಿತು. ಮತ್ತೆ ಚಿಗುರಲೆಂದು ಗೇಣುದ್ದ ಬುಡ ಬಿಟ್ಟು ನಂದಕುಮಾರನೇ ಕೊಯ್ದ. ಕೆಂಪಿ ತಲೆ ಎತ್ತದೆ ಮೇಯುವುದನ್ನು ಸ್ವಲ್ಪ ಹೊತ್ತು ನೋಡಿ, "ಚಿಕ್ಕಮ್ಮಂಗೆ ಫೋನ್ ಮಾಡ್ದೆ ಕಣಮ್ಮ. ಹಸು ಬರಲ್ಲ ಅಂದೆ," ಎಂದ. ಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಸಂತೋಷವಾಗಿತ್ತು.

ನಿಮ್ಮ ಮನೆಯಲ್ಲೂ ಹಸುವಿದೆಯೇ? ಹಾಗಾದರೆ ಹುಲ್ಲಿನ ಕಡ್ಡಿ ತರುವ ಮೊದಲು ಹಾರೆ ಹಿಡಿಯಿರಿ. ಅಜ್ಜ ಉತ್ತ ಹೊಲವೇ ಆಗಿರಲಿ, ಈಗ ಮೇಲಿರುವ ಮಣ್ಣು ಯಾವುದೆಂದು ಅಗೆದು, ನೀರು ಹೊಯ್ದು ನೋಡಿ. ಅನುಮಾನವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಮೇವಿನ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಬೇರು ಹಿಡಿಯುವ ತನಕ ಹಸುವನ್ನು ಹುಲ್ಲಿನೊಳಗೆ ಬಿಡಬೇಡಿ. ಅದರ ಮೇಲೆ ಪ್ರೀತಿ ಇದ್ದವರು ಇಷ್ಟು ಕಾಯಲೇಬೇಕು.