ಬೆಟ್ಟದ ನೆತ್ತಿಯ ಮೇಲೆ ಬಾಣಂತಿ

"ಹೋದ್ವು!" ಎಂದು ಬೋಟಿನ ಯಜಮಾನ ಕೂಗಿದ.

ಅವಳು ತೊಡೆಯ ಮೇಲಿದ್ದ ಹಳದಿ ಪೆಟ್ಟಿಗೆಯನ್ನು ಎದೆಗೆ ಎಳೆದುಕೊಂಡಳು. ಅದರ ಕೆಂಪು ಗುಂಡಿಯನ್ನು ಯಾರೂ ಕೈತಪ್ಪಿ ಒತ್ತದಿರಲೆಂದು ಮೇಲೊಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಅದನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದು ನೀರಿನ ಕಡೆ ನೋಡಿದಳು. ನೀರಿನ ಮೇಲೆ ಏನೂ ಇರಲಿಲ್ಲ. ಪೆಟ್ಟಿಗೆಯಿಂದ ಹೊರಟ ಕೇಬಲ್ಲು ಬೋಟಿನ ಅಂಚು ದಾಟಿ ನೆಟ್ಟಗೆ ಕೆಳಗಿಳಿದಿತ್ತು. ಇನ್ನೇನು ಒತ್ತಬೇಕು, ಯಾರೋ ಲಾರಿ ಟೈರಿನ ಗಾಳಿ ಬಿಟ್ಟ ಹಾಗೆ ಪುಸ್ಸೆಂದು ಸದ್ದಾಯಿತು. ತಿಮಿಂಗಿಲದ ಮರಿ. ಅದರ ಮಗ್ಗುಲಲ್ಲೇ, ಹೊಸ ಡಾಂಬರು ರಸ್ತೆ ಉಬ್ಬಿದ ಹಾಗೆ, ನಿಧಾನಕ್ಕೆ ಮೇಲೆದ್ದ ತಾಯಿಯ ಬೆನ್ನು.

"ಬಂದ್ವು," ಎಂದ ಯಜಮಾನ, ಅವಳೇ ಹೇಳಿಕಳಿಸಿ ಕರೆಸಿಕೊಂಡ ಹಾಗೆ.

ಅವಳು ಮುಚ್ಚಳ ಮುಚ್ಚಿದಳು. ಬೆಳಗಿನಿಂದ ಇದೇ ಆಟ. ಹೆಬ್ಬೆರಳಿನ ಮೇಲೆ ಮುಚ್ಚಳದ ಅಂಚಿನ ಗೆರೆ ಮೂಡಿಬಿಟ್ಟಿತ್ತು.

ಬೋಟಿನ ಕೆಳಗೆ ಕಡಲಿನ ತಳದಿಂದ ಎದ್ದ ಒಂದು ಬೆಟ್ಟವಿತ್ತು. ನೀರಿನ ಮೇಲೆ ಅದರ ಗುರುತೇ ಇಲ್ಲ. ಯಜಮಾನನ ಎದುರಿಗಿದ್ದ ಆಳ ತೋರಿಸುವ ಪರದೆಯಲ್ಲಿ ಮಾತ್ರ ಗೆರೆಯೊಂದು ದಿಢೀರನೆ ಏರಿ ಗೋಡೆಯಂತೆ ನಿಲ್ಲುತ್ತಿತ್ತು. ಕಳೆದ ವರ್ಷ ಇದೇ ಬೋಟಿನಲ್ಲಿ ಬಂದು, ಅವಳು ಆ ಬೆಟ್ಟದ ನೆತ್ತಿಯ ಮೇಲೆ ನೀರೊಳಗಿನ ಮೈಕು ಇಳಿಸಿ ಹೋಗಿದ್ದಳು. ವರ್ಷವಿಡೀ ಅಲ್ಲಿ ಕೇಳಿಸಿದ್ದೆಲ್ಲ ಅದರ ಹೊಟ್ಟೆಯಲ್ಲಿತ್ತು. ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿದರೆ, ಕೇಬಲ್ಲಿನ ತುದಿಯಿಂದ ನೀರೊಳಗೆ ಹೊರಟ ಸದ್ದಿಗೆ ಕೆಳಗಿನ ಕೊಕ್ಕೆ ಬಿಚ್ಚಿಕೊಂಡು, ಭಾರದ ಕಬ್ಬಿಣ ಅಲ್ಲೇ ಉಳಿದು, ಮೈಕು ಕಟ್ಟಿದ ಉಕ್ಕಿನ ಚೌಕಟ್ಟು ತನ್ನನ್ನು ತೇಲಿಸುವ, ಹಳದಿ ಕವಚದ ಗಾಜಿನ ಬುರುಡೆಗಳ ಸಮೇತ ಮೇಲೆ ನುಗ್ಗಿ ಬರುತ್ತದೆ. ಪ್ರವಾಹ ಎಳೆದತ್ತ ಬರುತ್ತದೆ. ನಡುವೆ ಯಾರಿದ್ದಾರೆಂದು ಅದು ನೋಡುವುದಿಲ್ಲ.

"ಅಲ್ಲ ಮೇಡಂ," ಎಂದ ಯಜಮಾನ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ. "ಇಷ್ಟು ದೊಡ್ಡ ಸಮುದ್ರ ಬಿದ್ದಿದೆ. ನಿಮ್ಮ ಬಾಣಂತಿಗೆ ಮಲಗೋಕೆ ಇದೇ ಜಾಗ ಬೇಕಿತ್ತಾ?"

"ಇದೇ ಜಾಗ ಬೇಕು ಅಂತಾನೇ ನಾನು ಮೂರು ವರ್ಷದಿಂದ ಬಾಯಿ ಬಡ್ಕೊಳ್ತಿರೋದು."

"ಹಾಗಿದ್ರೆ ಸಂತೋಷ ಪಡಿ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ?"

ಎಂಜಿನ್ ಕೋಣೆಯ ಬಾಗಿಲಿನಿಂದ ಮೆಕ್ಯಾನಿಕ್ ತಲೆ ಹೊರಹಾಕಿದ. ಅವನು ಯಜಮಾನನ ಹೆಂಡತಿಯ ತಮ್ಮ. "ಭಾವ, ಬಾಣಂತಿ ಸುದ್ದಿ ನಿಮಗ್ಯಾಕೆ? ನಮ್ಮಕ್ಕ ಹೆತ್ತಾಗ ಮನೆ ಕಡೆ ತಲೆ ಹಾಕಿರಲಿಲ್ಲ."

"ನಿಮ್ಮಕ್ಕ ಇಷ್ಟು ಸುಮ್ಮನೆ ಮಲಗ್ತಿದ್ರೆ ಹಾಕ್ತಿದ್ದೆ ಕಣಯ್ಯಾ."

ಅವಳಿಗೆ ನಗು ಬಂತು. ಅವಳ ಕಣ್ಣು ನೀರಿನ ಮೇಲೇ ಇತ್ತು. ತಾಯಿ ಕದಲದೆ ತೇಲುತ್ತಿತ್ತು. ಮರಿ ಅದರ ಗದ್ದದ ಕೆಳಗೆ ನುಸುಳಿ, ಈ ಬದಿ ಮಾಯವಾಗಿ, ಆ ಬದಿ ಎದ್ದು ಉಸಿರು ಬಿಟ್ಟು, ಮತ್ತೆ ನುಸುಳುತ್ತಿತ್ತು. ಒಂದೊಂದು ಸಲ ಎರಡೂ ಮುಳುಗುತ್ತಿದ್ದವು. ತಾಯಿ ಬಹಳ ಹೊತ್ತು ಒಳಗಿರಬಲ್ಲದು. ಮರಿಗೆ ಉಸಿರು ಸಾಲದು, ಬೇಗ ಬರಲೇಬೇಕು. ಎಲ್ಲಿ ಬರುತ್ತದೆ ಎಂಬುದು ಅವಳಿಗೆ ತಿಳಿಯದು. ಅವು ಹತ್ತಿರವಿರುವಾಗ ಎಂಜಿನ್ ಹಾಕುವಂತಿಲ್ಲ, ಅದು ನಿಯಮ. ಅಟ್ಟಿ ಓಡಿಸುವ ಮಾತಂತೂ ಇಲ್ಲವೇ ಇಲ್ಲ. ಹೀಗಾಗಿ ಬೋಟು ಬೆಟ್ಟದ ಭುಜದ ಮೇಲೆ ತೇಲುತ್ತಿತ್ತು, ಅವು ನೆತ್ತಿಯ ಮೇಲೆ.

ಇನ್ನೊಂದು ಚಿಕ್ಕ ಮೈಕನ್ನು ಅವಳು ಬೆಳಗ್ಗೆಯೇ ಕೈಯಿಂದ ನೀರಿಗೆ ಇಳಿಸಿದ್ದಳು. ಹೆಡ್‌ಫೋನು ಕಿವಿಗಿಟ್ಟರೆ ಗಂಡು ತಿಮಿಂಗಿಲವೊಂದರ ಹಾಡು ಕೇಳುತ್ತಿತ್ತು: ಮೊದಲು ಬಾಗಿಲ ತಿರುಗಣಿಯ ಕಿರ್ರೆನ್ನುವ ಸದ್ದು, ಆಮೇಲೆ ಹೊಟ್ಟೆಯಾಳದಿಂದ ಒಂದು ನರಳಿಕೆ, ಕೊನೆಗೆ ಮೇಲಕ್ಕೆ ಜಾರಿ ಹೋಗುವ ಕೂಗು, ಮತ್ತೆ ತಿರುಗಣಿ. ಬೆಟ್ಟದ ಗೋಡೆಗೆ ಬಡಿದು ವಾಪಸಾದ ದನಿ ಅದರ ಹಿಂದೆಯೇ ಮಸುಕಾಗಿ ಬರುತ್ತಿತ್ತು. ಯಜಮಾನ ಆ ಗಂಡಿಗೆ ಮನೆಯಳಿಯ ಎಂದು ಹೆಸರಿಟ್ಟಿದ್ದ. "ಕೆಲಸ ಇಲ್ಲ, ಬೊಗಸೆ ಇಲ್ಲ, ಬರೀ ಹಾಡು," ಎಂದಿದ್ದ.

ತಣ್ಣನೆಯ ಕಡಲಿನಿಂದ ಬೆಚ್ಚನೆಯ ಕಡಲಿಗೆ ಮರಿಹಾಕಲು ಬರುವ ಈ ಗೂನುಬೆನ್ನಿನ ತಿಮಿಂಗಿಲಗಳು ದಾರಿಯಲ್ಲಿ ಇಂಥ ಬೆಟ್ಟಗಳನ್ನು ಹುಡುಕಿಕೊಂಡು ನಿಲ್ಲುತ್ತವೆ, ದೂರದ ಬಸ್ಸಿನವರು ತಂಗುದಾಣದಲ್ಲಿ ನಿಲ್ಲುವ ಹಾಗೆ. ಕೆಲವು ಇಲ್ಲೇ ಜೊತೆ ಹುಡುಕುತ್ತವೆ, ಕೆಲವು ಮರಿಯನ್ನು ಮಲಗಿಸುತ್ತವೆ. ಅವಳು ನಂಬಿದ್ದು ಅದು. ಮುಂದಿನ ವಾರ ಹಡಗುಗಳ ಹೊಸ ದಾರಿ ಗುರುತಿಸುವ ಸಭೆಯಿತ್ತು. ಕರಡು ನಕ್ಷೆಯಲ್ಲಿ ಆ ದಾರಿ ಈ ಬೆಟ್ಟದ ಮೇಲೇ ಹಾದಿತ್ತು. ಈ ಜಾಗಕ್ಕೆ ನಕ್ಷೆ ಮಾಡಿದವರು ಕೊಟ್ಟಿದ್ದ ಹೆಸರು 'ಖಾಲಿ ನೀರು'.

ಸ್ಯಾಟಲೈಟ್ ಫೋನು ಬಡಿದುಕೊಂಡಿತು. ಅವಳ ಸಂಶೋಧನಾ ಸಂಸ್ಥೆಯ ನಿರ್ದೇಶಕರು.

"ಬಂತಾ?"

"ಇಲ್ಲ ಸರ್. ಮೇಲೆ ತಾಯಿ, ಮರಿ ಇದೆ."

"ಒಳ್ಳೇದೇ ಆಯ್ತಲ್ಲ!"

"ಸರಿಯಾಗಿ ಮೈಕಿನ ಮೇಲೆ ಸರ್. ಬೆಳಗಿಂದ ಅಲ್ಲೇ ಇವೆ."

ಏನು ಬರಲಿದೆಯೆಂದು ಅವಳಿಗೆ ಗೊತ್ತಿತ್ತು. ಬರಲಿ ಎಂದು ಕಣ್ಣು ಮುಚ್ಚಿಕೊಂಡಳು.

"ಇಳಿಜಾರಿನಲ್ಲಿ ಇಡು ಅಂದಿದ್ದೆ."

ಅಂದಿದ್ದರು. ಎಲ್ಲರೂ ಇಳಿಜಾರಿನಲ್ಲೇ ಇಡುತ್ತಾರೆ, ಆಮೇಲೆ ಎತ್ತಿಕೊಳ್ಳಲು ಸಲೀಸು. ಅವಳೇ ಹಟ ಹಿಡಿದಿದ್ದಳು: ಅವು ಇರುವುದು ನೆತ್ತಿಯ ಮೇಲೆ, ಇಳಿಜಾರಿನಲ್ಲಿ ಕೂತು ಯಾರ ಮಾತು ಕೇಳಿಸಿಕೊಳ್ಳುವುದು? ಕಳೆದ ವರ್ಷ ಸಂಸ್ಥೆಯ ಸಭೆಯಲ್ಲಿ ಅಷ್ಟು ಜನರೆದುರು ಇದೇ ಮಾತನ್ನು ಎಷ್ಟು ಚೆನ್ನಾಗಿ ಹೇಳಿದ್ದಳು. ಹೇಳಿದ್ದು ನಿಜವೂ ಆಗಿತ್ತು. ಅದೇ ಈಗ ಅಡ್ಡ ಬಂದಿತ್ತು.

"ಫೋಟೋ ತೆಗೆದಿದೀನಿ ಸರ್. ಇವತ್ತಿನ ಹಾಡೂ ರೆಕಾರ್ಡ್ ಆಗ್ತಿದೆ."

"ಒಂದು ದಿನದ ಹಾಡು ತಗೊಂಡು ನಾನೇನು ಮಾಡ್ಲಿ? ದಾರಿಹೋಕ ತಿಮಿಂಗಿಲ, ಬಂತು ಹೋಯ್ತು ಅಂತಾರೆ. ಬಂದು ನಿಲ್ಲುತ್ತವೆ, ಹೋಗಿ ಮತ್ತೆ ಬರುತ್ತವೆ ಅಂತ ತೋರಿಸಬೇಕು. ಅದು ಆ ಮೈಕಿನಲ್ಲಿದೆ."

"ಬೋಟನ್ನ ನಾಳೆಯೂ ಇಟ್ಕೊಂಡ್ರೆ?"

"ನಾಳೆಯಿಂದ ಬೇರೆ ವಿಭಾಗದವರದು. ನಿಂಗೇ ಗೊತ್ತಲ್ಲ."

"ಹಾಗಿದ್ರೆ ಒತ್ತಲಾ ಸರ್?"

"ಒತ್ತು ಅಂತ ನಾನು ಹೇಳಲ್ಲ," ಎಂದರು ನಿರ್ದೇಶಕರು. "ಬೇಡ ಅಂತಾನೂ ಹೇಳಲ್ಲ. ಅಲ್ಲಿರೋಳು ನೀನು. ಆದ್ರೆ ಕೈ ಬೀಸ್ಕೊಂಡು ಮಾತ್ರ ಬರಬೇಡ."

ಫೋನು ಇಟ್ಟ ಮೇಲೆ ಅವಳು ಅದನ್ನು ಚೀಲದೊಳಗೆ ತುರುಕಿ, ಚೀಲವನ್ನು ಕಾಲಿನಿಂದ ದೂರ ತಳ್ಳಿದಳು.

"ಏನಂತೆ ದೊಡ್ಡವರು?" ಯಜಮಾನ ಕೇಳಿದ.

"ಒತ್ತಬಾರದಂತೆ, ಒತ್ತಬೇಕಂತೆ."

"ನಮ್ಮ ಮನೇಲೂ ಹಾಗೇ ಹೇಳ್ತಾರೆ."

ಮಧ್ಯಾಹ್ನ ಕಳೆಯಿತು. ಮೆಕ್ಯಾನಿಕ್ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದುಕೊಟ್ಟ. ಅವಳು ಮೊಟ್ಟೆ ಸುಲಿದು ಕೈಯಲ್ಲೇ ಹಿಡಿದು ಕೂತಿದ್ದಳು. ಕೊಕ್ಕೆಯ ಬ್ಯಾಟರಿ ಇನ್ನೂ ಇದೆಯೇ ಎಂದು ಮತ್ತೊಮ್ಮೆ ಕೇಳುವ ಆಸೆಯನ್ನು ಬೆಳಗಿನಿಂದ ತಡೆದುಕೊಂಡಿದ್ದಳು. ಪೆಟ್ಟಿಗೆಯ ನೀಲಿ ಗುಂಡಿ ಒತ್ತಿದರೆ ಕೆಳಗಿನಿಂದ ಉತ್ತರ ಬರುತ್ತದೆ: ಉದ್ದನೆಯ ಸದ್ದಾದರೆ ಬ್ಯಾಟರಿ ಚೆನ್ನಾಗಿದೆ, ಗಿಡ್ಡ ಸದ್ದಾದರೆ ಮುಗಿಯುತ್ತ ಬಂದಿದೆ. ಬೆಳಗ್ಗೆ ಬಂದದ್ದು ಗಿಡ್ಡ ಸದ್ದು. ಪ್ರತಿ ಉತ್ತರಕ್ಕೂ ಒಂದಿಷ್ಟು ಬ್ಯಾಟರಿ ಖರ್ಚು. ಬೋಟಿನ ಮುಂದಿನ ಸರದಿ ಬರುವವರೆಗೆ ಅದು ಉಳಿಯುವುದಿಲ್ಲ. ಆಮೇಲೆ ಗುಂಡಿ ಒತ್ತಿದರೂ ಕೇಳುವವರಿರುವುದಿಲ್ಲ.

ಬಿಸಿಲು ಓರೆಯಾಯಿತು. ಗಾಳಿ ಎದ್ದು ನೀರಿನ ಮೈಮೇಲೆ ಸಣ್ಣ ಬಿಳಿ ಗೆರೆಗಳು ಕಾಣತೊಡಗಿದವು. ಯಜಮಾನ ಆಕಾಶ ನೋಡಿದ, ಡೀಸೆಲ್ ಮುಳ್ಳು ನೋಡಿದ, ಕೊನೆಗೆ ಅವಳನ್ನು ನೋಡಿದ. ಈಗ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

"ಮೇಡಂ, ಇನ್ನು ಇರೋಕಾಗಲ್ಲ. ಒತ್ತೋದಾದ್ರೆ ಒತ್ತಿಬಿಡಿ."

"ಒತ್ತಿ ಅಕ್ಕಾ," ಎಂದ ಮೆಕ್ಯಾನಿಕ್. "ಇಷ್ಟಗಲ ನೀರಲ್ಲಿ ಅದು ಹೋಗಿ ಮರಿಗೇ ತಗಲುತ್ತಾ? ದಾರಿಗೆ ಬಂದ್ರೂ ಸರ್ಕೊಳ್ತವೆ ಬಿಡಿ. ಅವಕ್ಕೇನು ಕಣ್ಣಿಲ್ವಾ?"

"ನಿದ್ದೆ ಮಾಡ್ತಿದ್ರೆ?"

"ನೀವು ನೂರೆಂಟು ಯೋಚನೆ ಮಾಡ್ತೀರಿ," ಎಂದು ಗೊಣಗಿ ಒಳಗೆ ಹೋದ.

ಆಗಲೇ ತಾಯಿ ಬೆನ್ನು ಬಾಗಿಸಿತು. ಬಾಲ ಅಷ್ಟಗಲವಾಗಿ ಎದ್ದು, ನೀರು ಸುರಿಸಿ, ಸದ್ದಿಲ್ಲದೆ ಇಳಿಯಿತು. ಹಿಂದೆಯೇ ಮರಿಯ ಪುಟ್ಟ ಬಾಲ. ಇಡೀ ದಿನದಲ್ಲಿ ಅವು ಹೀಗೆ ಬಾಲವೆತ್ತಿ ಮುಳುಗಿರಲಿಲ್ಲ.

"ಈಗ!" ಎಂದ ಯಜಮಾನ.

ಅವಳು ಮುಚ್ಚಳ ಎತ್ತಿದಳು. ಅವು ಹೊರಟವೋ? ಹೀಗೆ ಮುಳುಗುವುದು ಹೊರಡುವಾಗಲೇ. ಅಥವಾ ಕೆಳಗೆ, ಬೆಟ್ಟದ ನೆತ್ತಿಗೇ ಇಳಿದಿದ್ದರೆ? ಗುಂಡಿಗೂ ಹೆಬ್ಬೆರಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ಗಾಜಿನ ಬುರುಡೆಗಳು ಕತ್ತಲೆಯಲ್ಲಿ ಮೇಲೆ ನುಗ್ಗುವುದು ಅವಳಿಗೆ ಕಾಣುತ್ತಿತ್ತು. ಸಭೆಯ ಮೇಜಿನ ಮೇಲಿನ ನಕ್ಷೆಯೂ ಕಾಣುತ್ತಿತ್ತು. ಒತ್ತದೇ ಹೋದರೆ ಹಡಗುಗಳು ಬರುತ್ತವೆ, ಆಗ ಒಂದು ಮರಿಯ ಮಾತಲ್ಲ. ಅದನ್ನೂ ಬಲ್ಲಳು. ಬಲ್ಲೆನೆಂಬುದರಿಂದ ಬೆರಳಿಗೆ ಬಲವೇನೂ ಬರಲಿಲ್ಲ.

"ಮೇಡಂ!"

"ತಡೀರಿ."

"ಏನು ತಡೆಯೋದು?"

"ಮರಿ ಎಲ್ಲಿ ಏಳತ್ತೆ ನೋಡೋಣ. ಒಂದು ಸಲ."

ಕಾದರು. ಮರಿ ಎದ್ದಿತು, ಬಲು ದೂರದಲ್ಲಿ, ಸೂರ್ಯನ ಕಡೆ, ಹೊಗೆಯೆಳೆಯಂಥ ಉಸಿರಾಗಿ. ಬೆಟ್ಟದ ಸೀಮೆ ದಾಟಿದ ಜಾಗ. ನೆತ್ತಿಯ ಮೇಲೆ ಇಷ್ಟು ಹೊತ್ತೂ ಯಾರೂ ಇರಲಿಲ್ಲ. ಮುಳುಗಿದ ಕ್ಷಣದಲ್ಲೇ ಒತ್ತಿದ್ದರೆ ಹಳದಿ ಬುರುಡೆಗಳು ಈಗ ಇಲ್ಲೇ, ಕಣ್ಣೆದುರಿಗೆ ಕುಣಿಯುತ್ತಿದ್ದವು.

"ಆಗ್ತಿತ್ತು," ಎಂದ ಯಜಮಾನ.

"ಗೊತ್ತು," ಎಂದಳು. ದನಿ ಅವಳಿಗೇ ಒರಟೆನಿಸಿತು. "ಈಗ ಒತ್ತುತ್ತೀನಿ."

ಒತ್ತುವ ಮುನ್ನ, ಅವಳ ಅಭ್ಯಾಸ, ನೀರಿನ ಕಡೆ ಇನ್ನೊಮ್ಮೆ ನೋಡಿದಳು. ನೆತ್ತಿಯ ಮೇಲೆ ನೀರು ನುಣ್ಣಗೆ ಉಬ್ಬಿತು. ಇನ್ನೊಂದು ಬೆನ್ನು. ಇದರ ಮೇಲೆ ಬಿಳಿಯ ಗಾಯದ ಗೆರೆಗಳಿದ್ದವು. ಆ ತಾಯಿಯಲ್ಲ, ಬೇರೆ ಯಾರೋ. ಅದರ ಕತ್ತಿನ ಬಳಿ ಇನ್ನೂ ಚಿಕ್ಕದಾದ, ಇನ್ನೂ ಬಣ್ಣ ಕಟ್ಟದ ಬೂದು ಮರಿ.

ಯಜಮಾನ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟ. "ಹೆರಿಗೆ ವಾರ್ಡೇ ಇದು!"

ಅವಳು ಮುಚ್ಚಳ ಮುಚ್ಚಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ, ಹಲ್ಲು ನೋಯುತ್ತಿತ್ತು ಅಷ್ಟೇ. ಇಷ್ಟು ಹೊತ್ತೂ ಕಚ್ಚಿ ಹಿಡಿದದ್ದು ಗಮನಕ್ಕೇ ಬಂದಿರಲಿಲ್ಲ. ಕೈಮೈಕಿನ ಕೇಬಲ್ಲನ್ನು ಎಳೆದು ಮೊಳಕೈಗೆ ಸುತ್ತತೊಡಗಿದಳು. ಒದ್ದೆ ಕೇಬಲ್ಲು ತೋಳು ತುಂಬಾ ಉಪ್ಪಿನ ಗೆರೆ ಎಳೆಯಿತು. ಪೆಟ್ಟಿಗೆಯ ಕೇಬಲ್ಲಿನ ಹತ್ತಿರ ಬಂದಾಗ ಕೈ ನಿಂತಿತು. ಇನ್ನು ಬ್ಯಾಟರಿ ಉಳಿಸುವ ಕಾರಣವೇನೂ ಇರಲಿಲ್ಲ. ಅವಳು ನೀಲಿ ಗುಂಡಿ ಒತ್ತಿದಳು.

ಮೊದಲು ಏನೂ ಇಲ್ಲ. ಆಮೇಲೆ ಕೆಳಗಿನಿಂದ, ತಡವಾಗಿ, ಒಂದೇ ಒಂದು ಗಿಡ್ಡ ಸದ್ದು: ಟಿಕ್.

"ಏನಂತೆ?" ಎಂದ ಯಜಮಾನ.

"ಇದೀನಿ ಅಂತೆ."

ಅವನು ಎದ್ದು ಚುಕ್ಕಾಣಿಯ ಬಳಿ ಹೋದ. ಕೀಲಿಗೆ ಕೈ ಹಾಕಿ, ನೆತ್ತಿಯ ಕಡೆ ನೋಡಿ, ಕೈ ತೆಗೆದ. "ಗಾಳಿ ಹೇಗಿದ್ರೂ ದಡದ ಕಡೇನೇ ಇದೆ," ಎಂದು ಯಾರಿಗೋ ಹೇಳುವಂತೆ ಹೇಳಿದ. "ಸ್ವಲ್ಪ ದೂರ ಅದೇ ತಳ್ಳಲಿ. ಡೀಸೆಲ್ಲಾದ್ರೂ ಉಳಿಯತ್ತೆ."

ಬೋಟು ಅಡ್ಡಡ್ಡವಾಗಿ, ಸದ್ದಿಲ್ಲದೆ ಸರಿಯತೊಡಗಿತು. ಅವಳು ಕೇಬಲ್ಲಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ನೋಡುತ್ತ ಕೂತಳು. ಗೆರೆ ಬೆಟ್ಟದ ಭುಜದಿಂದ ಇಳಿಜಾರಿಗೆ ಬಂತು, ಇಳಿಜಾರಿನಿಂದ ಜಾರುತ್ತ ಜಾರುತ್ತ ಪರದೆಯ ಕೆಳ ಅಂಚು ಮುಟ್ಟಿ, ಇಲ್ಲವಾಯಿತು. ಹಿಂದೆ ಎಲ್ಲೋ ಪುಸ್ಸೆಂದು ಉಸಿರು ಬಿಟ್ಟ ಸದ್ದು. ಸ್ವಲ್ಪ ತಡೆದು, ಅದಕ್ಕಿಂತ ಸಣ್ಣದೊಂದು.