ಎರಡು ಜೊತೆ ಶೂ, ಒಂದು ಭಾನುವಾರ

ಸೈಕಲ್ ಅಂಗಡಿಯಲ್ಲಿ ಕುರ್ಚಿಗಳಿರಲಿಲ್ಲ. ಬಂದವರು ನಿಂತೇ ನೋಡಿ, ನಿಂತೇ ಆಸೆಪಟ್ಟು, ನಿಂತ ಕಾಲಲ್ಲೇ ಹೊರಡಬೇಕು. ಶೂ ನೋಡುವವರಿಗೆ ಮಾತ್ರ ಒಂದು ಗಿಡ್ಡ ಬೆಂಚು. ಅದರ ಮೇಲೆ ಹೆಂಡತಿ ಕೂತಿದ್ದಳು. ಬಲಗಾಲಿಗೆ ಒಂದು ಬಗೆಯ ಶೂ, ಎಡಗಾಲಿಗೆ ಇನ್ನೊಂದು ಬಗೆಯದು. ಗಂಡ ಎದುರಿಗೆ ಕೈಕಟ್ಟಿ ನಿಂತಿದ್ದ, ಪೆಟ್ರೋಲ್ ಬಂಕಿನಲ್ಲಿ ಮೀಟರು ಪರೀಕ್ಷಿಸುವಾಗ ನಿಲ್ಲುವ ಹಾಗೆಯೇ.

ಅದೇ ಅವನ ಕೆಲಸ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿ, ಬಂಕುಗಳ ಮೀಟರು, ಬಟ್ಟೆಯವರ ಅಳತೆಕೋಲು, ಇವೆಲ್ಲ ಸರಿಯಿವೆ ಎಂದು ಮುದ್ರೆ ಒತ್ತುವವನು. ಪರೀಕ್ಷೆಗೆ ಹೋದಲ್ಲಿ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಒಳ್ಳೆಯ ಗುಣವೇ, ಆದರೆ ಸಂಜೆ ಅದನ್ನು ಕಚೇರಿಯಲ್ಲಿ ಬಿಟ್ಟು ಬರುವ ಅಭ್ಯಾಸ ಅವನಿಗಿರಲಿಲ್ಲ. ಕಿಟಕಿಯ ಪರದೆ ಯಾವ ಬಣ್ಣದ್ದಿರಲಿ ಎಂದರೆ ಎರಡೂ ಬಣ್ಣಗಳ ಪರವಾಗಿ ಸರಿಸಮನಾಗಿ ವಾದಿಸಿ ಎದ್ದು ಹೋಗುವನು. "ಭಾವನ್ನ ಕಾಫಿನಾ ಟೀನಾ ಅಂತ ಕೇಳಿ ನೋಡು," ಎನ್ನುತ್ತಿದ್ದಳು ಹೆಂಡತಿಯ ತಂಗಿ. "ಎರಡರ ಗುಣಾನೂ ವಿವರಿಸಿ, ಕೊನೆಗೆ ನೀರು ಕುಡಿದು ಮಲಗ್ತಾರೆ."

ಈ ದಂಪತಿಯ ಸಂಸಾರ ನಿಜಕ್ಕೂ ನಡೆಯುತ್ತಿದ್ದದ್ದು ಭಾನುವಾರ ಬೆಳಗ್ಗೆ, ಸೈಕಲ್ಲಿನ ಮೇಲೆ. ಉಳಿದ ದಿನ ಮನೆಯ ಮಾತೆಂದರೆ ಗ್ಯಾಸು, ಗೀಸರು, ಮೇಲಿನ ಮನೆಯವರ ನಾಯಿ. ಭಾನುವಾರ ಮಾತ್ರ ಊರು ಏಳುವ ಮುಂಚೆ ಹೊರಟು, ಹಳೆಯ ಹೆದ್ದಾರಿ ಹಿಡಿದು, ದೂರದ ಸೇತುವೆ ಮುಟ್ಟಿ ವಾಪಸು. ಗಾಳಿ ತಡೆಯಲು ಅವನು ಮುಂದೆ, ಅವನ ಮರೆಯಲ್ಲಿ ಅವಳು ಹಿಂದೆ. ಮುಖ ನೋಡಿಕೊಂಡು ಹೇಳಲಾಗದ್ದನ್ನೆಲ್ಲ ಅವಳು ಅವನ ಬೆನ್ನಿಗೆ ಹೇಳುತ್ತಿದ್ದಳು. ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಯಾರ ದವಡೆಗೆ ಯಾರ ಹಲ್ಲು ಹೋಗಿ ಯಾವ ಡಾಕ್ಟರು ಕೂಗಾಡಿದರು, ಮಕ್ಕಳಿಲ್ಲವೆಂಬುದು ತನಗೆ ಈಗಲೂ ಯಾವ ಹೊತ್ತಿನಲ್ಲಿ ಚುಚ್ಚುತ್ತದೆ, ತಂಗಿಯನ್ನು ಕಂಡರೆ ಪ್ರೀತಿಯ ಜೊತೆಗೇ ಅಷ್ಟೊಂದು ಹೊಟ್ಟೆಕಿಚ್ಚು ಏಕೆ, ಎಲ್ಲವನ್ನೂ. ಅವನ ಪಾಲಿನ ಮಾತು ಕಡಿಮೆ. "ಹೂಂ." "ಗುಂಡಿ ಇದೆ, ನೋಡ್ಕೊ." "ಹಿಂದೆ ಲಾರಿ." ಆದರೂ ವಾರವಿಡೀ ಅವನು ಕಾಯುತ್ತಿದ್ದದ್ದು ಆ ಬೆಳಗಿಗೇ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಬಗ್ಗಿ ಬಗ್ಗಿ ಹಲ್ಲು ತೀಡಿ ಅವಳ ಭುಜ ಹಿಡಿದುಕೊಂಡಾಗ ಡಾಕ್ಟರು ಈಜಲು ಹೇಳಿದರು. ಈಜುಕೊಳದಲ್ಲಿ ಒಂದು ಗುಂಪಿತ್ತು. ಅದರ ಕೋಚು ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಗಟ್ಟಿಗಿತ್ತಿ. ಎಲ್ಲರ ಬಾಯಲ್ಲೂ ಸೀಟಿಯಮ್ಮ. ಇವಳ ಭುಜ ಸಡಿಲವಾದದ್ದೇ ತಡ, "ಈಜು ಬಂತು, ಸೈಕಲ್ ಗೊತ್ತೇ ಇದೆ, ಓಡೋಕೇನು, ಬಸ್ ತಪ್ಪಿಸ್ಕೊಂಡೋರೆಲ್ಲ ಓಡ್ತಾರೆ," ಎಂದು ಟ್ರಯಥ್ಲಾನಿಗೆ ಹೆಸರು ಬರೆಸಿಬಿಟ್ಟಳು. ಟ್ರಯಥ್ಲಾನ್ ಎಂದರೆ ಮೊದಲು ಈಜು, ಒದ್ದೆ ಮೈಯಲ್ಲೇ ಸೈಕಲ್ಲು, ಇಳಿದ ಕಾಲಲ್ಲೇ ಓಟ. ನಡುವೆ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಗುಂಪಿನ ತರಬೇತಿ ನಡೆಯುತ್ತಿದ್ದದ್ದು ಭಾನುವಾರ ಬೆಳಗ್ಗೆ. ಅದಕ್ಕೆ ಸೇರಬೇಕೋ ಬೇಡವೋ ಎಂದು ಅವಳು ಇನ್ನೂ ತೂಗುತ್ತಿದ್ದಾಗಲೇ ಹಳೆಯ ಶೂವಿನ ಅಟ್ಟೆ ಬಾಯಿಬಿಟ್ಟಿತು, ಇಬ್ಬರೂ ಈ ಅಂಗಡಿಗೆ ಬಂದರು.

"ಬಲಗಾಲಿಂದು ರೋಡ್ ಶೂ," ಎಂದಳು ಅಂಗಡಿಯವಳು. ಅವಳ ಉಗುರುಗಳಲ್ಲಿ ಗ್ರೀಸು. "ಈ ಗುಂಡಿ ತಿರುಗಿಸಿದ್ರೆ ಪಾದ ಪೂರ್ತಿ ಬಿಗಿಯುತ್ತೆ. ಹಿಮ್ಮಡಿ ಅಲ್ಲಾಡಲ್ಲ. ದಿನವಿಡೀ ತುಳೀರಿ, ಕಾಲು ನೋಯಲ್ಲ. ಹಾಕ್ಕೊಳ್ಳೋಕೆ ಮಾತ್ರ ಸ್ವಲ್ಪ ಹೊತ್ತು ಬೇಕು. ಎಡಗಾಲಿಂದು ಟ್ರಯಥ್ಲಾನ್‌ದು. ಒಂದೇ ಪಟ್ಟಿ, ಎಳೆದ್ರೆ ಆಯ್ತು. ಕೆಳಗಡೆ ತೂತು, ಒದ್ದೆ ಕಾಲಿನ ನೀರು ಇಳಿದುಹೋಗುತ್ತೆ. ಹಿಂದೆ ಕುಣಿಕೆ ಇದೆ ನೋಡಿ."

"ಕುಣಿಕೆ ಯಾರಿಗೆ, ನನಗಾ?"

"ಶೂಗೆ ಮೇಡಂ. ಶೂನ ಮೊದಲೇ ಪೆಡಲಿಗೆ ಸಿಕ್ಕಿಸಿ, ಕುಣಿಕೆಗೊಂದು ರಬ್ಬರ್ ಬ್ಯಾಂಡ್ ಹಾಕಿ ಸೈಕಲ್ಲಿಗೆ ಕಟ್ಟಿರ್ತಾರೆ. ನೀರಿಂದ ಎದ್ದು ಬರಿಗಾಲಲ್ಲಿ ಓಡಿ ಬಂದು, ಹತ್ತಿ, ಹೋಗ್ತಾ ಹೋಗ್ತಾನೇ ಕಾಲು ತೂರಿಸೋದು. ದೂರದ ಸವಾರಿಗೆ ಅಷ್ಟು ಹಿತ ಇಲ್ಲ, ಹಿಮ್ಮಡಿ ಸ್ವಲ್ಪ ಸಡಿಲ."

"ಎರಡೂ ತಗೊಳ್ಳಿ ಅಂತೀರಾ?"

"ನಾನು ಅಂಗಡಿಯವಳು, ಅದನ್ನೇ ಅನ್ನೋದು."

ಹೆಂಡತಿ ನಕ್ಕಳು. ಆಮೇಲೆ ಗಂಡನ ಕಡೆ ನೋಡಿ, ನಗು ಪೂರ್ತಿ ಆರುವ ಮುಂಚೆ, "ಎರಡು ತಗೊಂಡು ಏನ್ಮಾಡ್ಲಿ? ಭಾನುವಾರ ಇರೋದು ಒಂದೇ," ಎಂದಳು. "ನೀವೇನಂತೀರಿ?"

ಇನ್‌ಸ್ಪೆಕ್ಟರನಿಗೆ ಪ್ರಶ್ನೆ ಅರ್ಥವಾಗಲಿಲ್ಲವೆಂದು ಯಾರಾದರೂ ತಿಳಿದರೆ ಅದು ತಪ್ಪು. ಚೆನ್ನಾಗಿ ಅರ್ಥವಾಯಿತು. ಬಲಗಾಲಿನದನ್ನು ತೆಗೆದುಕೊಂಡರೆ ಹಳೆಯ ಹೆದ್ದಾರಿ, ಎಡಗಾಲಿನದಾದರೆ ಸೀಟಿಯಮ್ಮ. ಬಲಗಾಲಿನದನ್ನೇ ತಗೋ ಎಂಬ ಮಾತು ಗಂಟಲಿನವರೆಗೆ ಬಂದೂ ಬಿಟ್ಟಿತು. ಅಷ್ಟರಲ್ಲಿ ಅವನೊಳಗಿನ ಇಲಾಖೆ ಎಚ್ಚೆತ್ತಿತು: ಇದರಲ್ಲಿ ನಿನ್ನ ಲಾಭವಿದೆ, ಲಾಭವಿರುವವನು ತಕ್ಕಡಿ ಮುಟ್ಟಬಾರದು.

ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ತನ್ನ ಆಸೆಯ ಭಾರ ಎಲ್ಲಿ ಒಂದು ಕಡೆ ಬಿದ್ದೀತೋ ಎಂಬ ಅಂಜಿಕೆಯಿಂದ ಅವನು ಇನ್ನೊಂದು ತಟ್ಟೆಗೆ ಸೇರಿಸಲು ಶುರುಮಾಡಿದ. ವಾರವೆಲ್ಲ ಓದಿಕೊಂಡು ಬಂದಿದ್ದ ಬೇರೆ. ಎಡಗಾಲಿನದು ಹಗುರ, ಸಾಕ್ಸ್ ಬೇಡ, ಒಳಗಡೆ ಹೊಲಿಗೆಯಿಲ್ಲ, ಬೇಗ ಒಣಗುತ್ತದೆ, ಹೆಸರು ಬರೆಸಿದ ಮೇಲೆ ಅರೆಮನಸ್ಸು ಮಾಡಬಾರದು. ಅಂಗಡಿಯವಳೇ ಬೆರಗಾಗುವಷ್ಟು ಚೆನ್ನಾಗಿ ಮಾತಾಡಿದ.

"ಅದೆಲ್ಲ ಸರಿ ರೀ. ನಿಮಗೆ ಏನನ್ಸುತ್ತೆ?"

"ಉಪಯೋಗ ಯಾವುದಕ್ಕೆ ಅನ್ನೋದರ ಮೇಲೆ ಹೋಗುತ್ತೆ."

"ಉಪಯೋಗ ಬಿಡಿ. ನಿಮಗೆ, ನಿಮಗೆ."

"ನನಗನ್ಸೋದು ಲೆಕ್ಕಕ್ಕಿಲ್ಲ. ಕಾಲು ನಿಂದು."

ಅಂಗಡಿಯವಳಿಗೆ ಹಠಾತ್ತನೆ ಗೋಡೆಯ ಮೇಲಿನ ಗಾಳಿಪಂಪುಗಳನ್ನು ಸಾಲಾಗಿ ಜೋಡಿಸುವ ಕೆಲಸ ನೆನಪಾಯಿತು. ಹೆಂಡತಿ ಬಗ್ಗಿ ಬಲಗಾಲಿನ ಶೂ ಬಿಚ್ಚಿದಳು. ಬಿಗಿಯಾಗಿತ್ತು, ಹೊತ್ತು ಹಿಡಿಯಿತು. "ಹಾಗಾದ್ರೆ ಎಡಗಾಲಿಂದೇ ಕೊಡಿ," ಎಂದಳು.

ಮುಂದಿನ ಭಾನುವಾರ ಅವಳು ಗುಂಪಿನ ಜೊತೆ ಹೋದಳು. ಅದರ ಮುಂದಿನದೂ. ಹೋಗುವ ಮುಂಚೆ ಅವನೇ ಶೂವಿನ ತಳಕ್ಕೆ ಪೆಡಲಿನ ಕೊಂಡಿಗಳನ್ನು ಕೂರಿಸಿಕೊಟ್ಟಿದ್ದ, ಕಚೇರಿಯ ಅಳತೆ ಸಾಧನದಿಂದ ಎರಡೂ ಕಾಲಿಗೆ ಕೂದಲೆಳೆ ವ್ಯತ್ಯಾಸ ಬರದಂತೆ. ಆಮೇಲೆ ತನ್ನ ಸೈಕಲ್ ಹತ್ತಿ ಒಬ್ಬನೇ ಸೇತುವೆಗೆ ಹೋಗಿ ಬಂದ. ಗಾಳಿ ಎಂದಿನಷ್ಟೇ ಇತ್ತು. ಯಾರಿಗಾಗಿ ತಡೆಯಬೇಕೋ ಅವಳೇ ಹಿಂದೆ ಇಲ್ಲದ ಮೇಲೆ ಅದು ಬರೀ ಎದುರುಗಾಳಿ. ಗುಂಡಿ ಬಂದಲ್ಲಿ ಅಭ್ಯಾಸಬಲದಿಂದ "ನೋಡ್ಕೊ" ಎಂದ. ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನು ಬ್ರೇಕು ಹಾಕಿ, ಏನು ಎಂಬಂತೆ ತಿರುಗಿ ನೋಡಿದ.

ಸೇತುವೆಯವರೆಗೆ ಹೋಗುವುದನ್ನು ಅವನು ಬರಬರುತ್ತಾ ಅರ್ಧ ದಾರಿಗೆ ಇಳಿಸಿದ. ಮನೆಗೆ ಮೊದಲು ತಲುಪುವವನು ಅವನೇ. ಹೆಂಡತಿ ಮಧ್ಯಾಹ್ನಕ್ಕೆ ಬರುವಳು, ಕೂದಲು ಒದ್ದೆ, ಕಣ್ಣು ಕೆಂಪು, ಹಸಿವು ಬೆಟ್ಟದಷ್ಟು. "ಹೇಗಿತ್ತು?" ಎಂದರೆ "ಚೆನ್ನಾಗಿತ್ತು." ಮೇಜಿನ ಆ ಬದಿಯಿಂದ ಈ ಬದಿಗೆ ಅದಕ್ಕಿಂತ ಹೆಚ್ಚು ದಾಟುತ್ತಿರಲಿಲ್ಲ. ಅವನೂ ಒತ್ತಾಯಿಸುತ್ತಿರಲಿಲ್ಲ, ಒತ್ತಾಯಿಸುವುದು ಸರಿಯಲ್ಲವಲ್ಲ.

ಸ್ಪರ್ಧೆಯ ದಿನ ಅವನೂ ನಾದಿನಿಯೂ ಕೆರೆಯಂಚಿನ ಹಗ್ಗದ ಹಿಂದೆ ನಿಂತಿದ್ದರು. ಸೈಕಲ್ಲುಗಳು ಕಂಬಿಗೆ ಸಾಲಾಗಿ ನೇತುಬಿದ್ದಿದ್ದವು. ಅವಳ ಸೈಕಲ್ಲಿನ ಪೆಡಲುಗಳಲ್ಲಿ ಶೂಗಳು ಮೊದಲೇ ಸಿಕ್ಕಿಕೊಂಡು, ರಬ್ಬರ್ ಬ್ಯಾಂಡಿನ ಬಲದಲ್ಲಿ ನೆಲಕ್ಕೆ ಸಮವಾಗಿ, ಯಾರೋ ಕಾಣದವರು ತೊಟ್ಟುಕೊಂಡಿರುವಂತೆ ನಿಂತಿದ್ದವು. ಸೀಟಿಯಮ್ಮ ಆ ಕಡೆಯಿಂದ ಬಂದವಳು ಅವನನ್ನು ಕಂಡು ನಿಂತಳು.

"ಬಂದ್ರಾ ಸರ್, ಒಳ್ಳೇದಾಯ್ತು. ಪಾರ್ಟಿ ಯಾವಾಗ?"

"ಏನಕ್ಕೆ?"

"ಲ್ಯಾಬಿಗೆ ಅವರೇ ಮುಖ್ಯಸ್ಥೆ ಆಗ್ತಿದ್ದಾರಂತಲ್ಲ. ಒಪ್ಕೊಳ್ಳೋದಾ ಬಿಡೋದಾ ಅಂತ ಹೋದ ತಿಂಗಳೆಲ್ಲ ನಮ್ಮ ತಲೆ ತಿಂದ್ರು. ನಾವೇ ಬೈದು ಒಪ್ಪಿಸಿದ್ವಿ." ಅವಳು ಸೀಟಿ ಊದುತ್ತಾ ನೀರಿನ ಕಡೆ ನಡೆದಳು.

ನಾದಿನಿ ಭಾವನ ಮುಖ ನೋಡಿದಳು. "ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ."

ಆಗಲೇ ಹೆಂಡತಿ ಈಜು ಮುಗಿಸಿ ನೀರಿನಿಂದ ಎದ್ದಳು. ಬರಿಗಾಲಲ್ಲಿ ಓಡಿ ಬಂದು ಸೈಕಲ್ ಎಳೆದುಕೊಂಡು, ಸೈಕಲ್ ಹತ್ತಲು ಎಳೆದಿದ್ದ ಗೆರೆ ದಾಟಿದ ತಕ್ಷಣ ಹಾರಿ ಕೂತಳು. ರಬ್ಬರ್ ಬ್ಯಾಂಡುಗಳು ಪಟಪಟನೆ ಹರಿದವು. ತುಳಿಯುತ್ತಲೇ ಒಂದು ಕಾಲು ತೂರಿಸಿದಳು, ಬಗ್ಗಿ ಪಟ್ಟಿ ಎಳೆದಳು, ಇನ್ನೊಂದು ಕಾಲು. ಬೇರೆಯವರು ನೆಲದ ಮೇಲೆ ಕೂತು ಶೂ ಜೊತೆ ಕುಸ್ತಿಯಾಡುತ್ತಿದ್ದಾಗ ಅವಳು ತಿರುವಿನಲ್ಲಿ ಮರೆಯಾಗಿಬಿಟ್ಟಿದ್ದಳು. ಅವನು ಕೊಟ್ಟ ಸಲಹೆ ಅಕ್ಷರಶಃ ಸರಿಯಾಗಿತ್ತು. ಅದರಲ್ಲಿ ಒಂದು ದೋಷವನ್ನೂ ಹುಡುಕುವಂತಿರಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಭಾವ," ಎಂದಳು ನಾದಿನಿ. "ಶೂ ತರೋಕೆ ಹೋಗೋ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ಲು. 'ಅವರ ಬಾಯಲ್ಲಿ ಒಂದು ಸಲ ಬೇಡ ಅಂತ ಬಂದ್ರೆ ಸಾಕು, ಇದನ್ನೆಲ್ಲ ಬಿಟ್ಟುಬಿಡ್ತೀನಿ' ಅಂದ್ಲು. ಅಂತಾರೆ ಬಿಡೆ ಅಂದೆ ನಾನು. ನಿಮ್ಮನ್ನ ನಂಬಿ ಮಾತು ಕೊಟ್ಟೆ ನೋಡಿ."

"ಬೇಡ ಅನ್ನೋಕೆ ನಾನ್ಯಾರು?"

"ಗಂಡ," ಎಂದಳು ನಾದಿನಿ. "ಅದೂ ಒಂದು ಹುದ್ದೆ ಭಾವ. ಅದಕ್ಕೆ ಇನ್‌ಸ್ಪೆಕ್ಟರ್ ಬೇಕಾಗಿಲ್ಲ."

ವಾಪಸಾಗುವಾಗ ನಾದಿನಿ ಬಸ್ ನಿಲ್ದಾಣದಲ್ಲಿ ಇಳಿದುಕೊಂಡಳು. ಕಾರಿನಲ್ಲಿ ಇಬ್ಬರೇ ಉಳಿದರು. ಹಿಂದಿನ ಸೀಟು ಮಡಚಿ ಮಲಗಿಸಿದ್ದ ಸೈಕಲ್ಲು, ಮ್ಯಾಟಿನ ಮೇಲೆ ಒದ್ದೆ ಶೂಗಳು. ಹೆಂಡತಿ ಕೊರಳಿನ ಪದಕವನ್ನು ತೆಗೆಯದೆ ಬಾಳೆಹಣ್ಣು ತಿನ್ನುತ್ತಿದ್ದಳು.

"ಲ್ಯಾಬಿನ ವಿಷಯ ಇವತ್ತು ಗೊತ್ತಾಯ್ತು," ಎಂದ ಅವನು.

"ಅಯ್ಯೋ, ನಿಮಗೆ ಹೇಳಿಲ್ವಾ?" ಅವಳು ನಿಜವಾಗಿಯೂ ಯೋಚಿಸಿದಳು. "ಹೇಳಿದೀನಿ ಅಂತಲೇ ಅಂದ್ಕೊಂಡಿದ್ದೆ."

ಜಗಳಕ್ಕೆ ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಮರೆತಿದ್ದಳು, ಅಷ್ಟೇ. ಅವನು ಮುಂದಿದ್ದ ಲಾರಿಯನ್ನು ದಾಟಿಕೊಂಡ.

"ಅವತ್ತು ನಾನು ರೋಡ್ ಶೂ ಅನ್ನಬೇಕಿತ್ತು."

"ಅದು ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಂತಲ್ಲ. ನನಗೆ ಬೇಕಿತ್ತು."

ಅವಳು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಅವತ್ತು ಅಂದಿದ್ರೆ ಅದನ್ನೇ ತಗೋತಿದ್ದೆ ರೀ. ಕಣ್ಣು ಮುಚ್ಕೊಂಡು ತಗೋತಿದ್ದೆ."

"ಈಗ?"

"ಈಗ ಹೇಗೆ ಹೇಳ್ಲಿ." ಅವಳು ಕಿಟಕಿಯ ಕಡೆ ತಿರುಗಿದಳು. "ಮೊದಮೊದಲು ಹೋಗಿದ್ದು ಸಿಟ್ಟಿಗೆ. ಇವರಿಗೆ ನಾನು ಹಿಂದೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ, ಹೋಗ್ಲಿ ಬಿಡು ಅಂತ. ಹೋಗ್ತಾ ಹೋಗ್ತಾ ಇಷ್ಟ ಆಗ್ಬಿಡ್ತು. ಇಷ್ಟ ಇಲ್ಲ ಅಂತ ನಾಟಕ ಮಾಡೋಕೆ ನನಗೆ ಬರಲ್ಲ. ಇವತ್ತು ನೀರಿಂದ ಎದ್ದಾಗ ಎಷ್ಟು ಖುಷಿಯಾಯ್ತು ಗೊತ್ತಾ? ನೀವು ಬಂದಿದೀರಿ ಅನ್ನೋದೇ ಮರೆತುಹೋಗಿತ್ತು."

"ಖುಷಿಯಾಗಿದ್ದು ಒಳ್ಳೇದೇ," ಎಂದ ಅವನು. ಮನಸಾರೆ ಹೇಳಿದ.

"ನೀವೂ ಈಜು ಕಲೀರಿ."

"ನೋಡೋಣ." ಇಬ್ಬರಿಗೂ ಗೊತ್ತಿತ್ತು, ಮೊಣಕಾಲು ಮೀರಿದ ನೀರೆಂದರೆ ಅವನು ಬೆವರುತ್ತಾನೆ.

ಸ್ವಲ್ಪ ಹೊತ್ತಿನ ಮೇಲೆ ಅವಳಾಗಿಯೇ ಲ್ಯಾಬಿನ ಮಾತು ತೆಗೆದಳು. ಹಳೆಯ ಮುಖ್ಯಸ್ಥರು ಹೊರಡುವ ಮುನ್ನ ತನ್ನನ್ನು ಒಳಗೆ ಕರೆದರಂತೆ. ಬಾಗಿಲು ಹಾಕು ಅಂದರಂತೆ. ಅಲ್ಲಿಯವರೆಗೆ ತನ್ನನ್ನು ಕಂಡರಾಗದ ಮನುಷ್ಯ ಅವತ್ತು ಏನಂದರು ಗೊತ್ತಾ ಎಂದು ಶುರುಮಾಡಿ, ಆಕಳಿಸಿ, "ಏನಂದ್ರು ಅಂದ್ರೆ..." ಎನ್ನುತ್ತಲೇ ಅವಳ ತಲೆ ಕಿಟಕಿಗೆ ವಾಲಿತು. ನಿದ್ದೆ.

ಏನಂದರು ಎಂದು ಕೇಳಲು ಅವನು ಬಾಯಿ ತೆರೆದಿದ್ದ. ಮನೆಗೆ ಹೋಗಲು ಮುಂದಿನ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಬೇಕಿತ್ತು. ಅವನು ತಿರುಗಲಿಲ್ಲ. ನೇರ ಹೋಗಿ, ಗೋದಾಮುಗಳ ಹಿಂದಿನ ಬಳಸುದಾರಿ ಹಿಡಿದು, ಅಲ್ಲಿಂದ ಆಸ್ಪತ್ರೆ ರಸ್ತೆ, ಅಲ್ಲಿಂದ ರೈಲ್ವೆ ಗೇಟು. ಗೇಟು ಹಾಕಿತ್ತು. ಉದ್ದದ ಗೂಡ್ಸು ಸದ್ದು ಮಾಡುತ್ತಾ ದಾಟಿ ಹೋಯಿತು. ಈಗ ಏಳಬಹುದು, ಈಗ ಏಳಬಹುದು ಎಂದು ಅವನು ಪಕ್ಕಕ್ಕೆ ನೋಡುತ್ತಿದ್ದ. ಅವಳು ಮನೆ ಬರುವವರೆಗೂ ಏಳಲಿಲ್ಲ.